ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ ಮತ್ತು ವಾಂತಿ

ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ ಮತ್ತು ವಾಂತಿ ಎಂಬುದು ಅರಿವಳಿಕೆ ನೀಡಿ ನಡೆಸಿದ ಶಸ್ತ್ರಚಿಕಿತ್ಸೆಯ ಬಳಿಕ, ಸಾಮಾನ್ಯವಾಗಿ ಮೊದಲ 24 ಗಂಟೆಗಳಲ್ಲಿ, ಕಾಣಿಸಿಕೊಳ್ಳುವ ತೊಂದರೆ. ಮುಂಜಾಗ್ರತೆ ವಹಿಸದಿದ್ದಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಉಂಟಾಗುತ್ತದೆ. ಯಾರಿಗೆ ಬರಬಹುದೆಂದು ಬಹುಮಟ್ಟಿಗೆ ಮೊದಲೇ ಊಹಿಸಲು ಸಾಧ್ಯವಿರುವುದರಿಂದ ಇದನ್ನು ಹೆಚ್ಚಿನವರಲ್ಲಿ ತಡೆಯಬಹುದು.

ಕಾರಣಗಳು

ವಾಂತಿಯನ್ನು ನಿಯಂತ್ರಿಸುವ ಕೇಂದ್ರವು ಮೆದುಳಿನ ಬುಡದಲ್ಲಿದೆ. ಉಸಿರಿನ ಮೂಲಕ ನೀಡುವ ಅರಿವಳಿಕೆ ಅನಿಲಗಳು, ಮಾರ್ಫಿನ್‌ನಂತಹ ನೋವುನಿವಾರಕಗಳು ಹಾಗೂ ಕರುಳು ಮತ್ತು ಒಳಕಿವಿಯಿಂದ ಬರುವ ಸಂದೇಶಗಳು ಅದನ್ನು ಪ್ರಚೋದಿಸುತ್ತವೆ. ಬೆನ್ನಿಗೆ ಚುಚ್ಚುಮದ್ದು ನೀಡಿ ನಡೆಸುವ ಸಿಸೇರಿಯನ್‌ನಲ್ಲಿ ರಕ್ತದೊತ್ತಡ ಕುಸಿಯುವುದೂ ಒಂದು ಕಾರಣ. ಆದ್ದರಿಂದ ಹೊಟ್ಟೆ ಖಾಲಿಯಿದ್ದರೂ ವಾಂತಿಯಾಗಬಹುದು. ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸ ಇರಿಸುವುದು ಮುಖ್ಯವಾಗಿ ಜಠರದ ಆಹಾರವು ಶ್ವಾಸಕೋಶ ಸೇರದಿರಲೆಂದು.

ಅಪಾಯದ ಅಂಶಗಳು

1999ರಲ್ಲಿ ಕ್ರಿಸ್ಟಿಯನ್ ಆಪ್ಫೆಲ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಸರಳ ಮಾಪನದಲ್ಲಿ ನಾಲ್ಕು ಅಂಶಗಳಿವೆ:

* ರೋಗಿಯು ಮಹಿಳೆಯಾಗಿರುವುದು
* ಧೂಮಪಾನ ಮಾಡದಿರುವುದು
* ಹಿಂದಿನ ಶಸ್ತ್ರಚಿಕಿತ್ಸೆಯ ನಂತರ ವಾಂತಿಯಾಗಿರುವುದು ಅಥವಾ ಪ್ರಯಾಣದಲ್ಲಿ ವಾಂತಿಯಾಗುವ ಸ್ವಭಾವ
* ಶಸ್ತ್ರಚಿಕಿತ್ಸೆಯ ನಂತರ ಮಾರ್ಫಿನ್ ವರ್ಗದ ಔಷಧ ಪಡೆಯುವುದು

ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಸಾಧ್ಯತೆ ಸುಮಾರು ಶೇ. 10; ನಾಲ್ಕೂ ಇದ್ದರೆ ಸುಮಾರು ಶೇ. 80. ಪಿತ್ತಕೋಶ, ಗರ್ಭಾಶಯ ಹಾಗೂ ಮಕ್ಕಳ ಮೆಳ್ಳಗಣ್ಣಿನ ಶಸ್ತ್ರಚಿಕಿತ್ಸೆಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ಪರಿಣಾಮಗಳು

ಬಹುತೇಕ ಇದು ತಾನಾಗಿಯೇ ಶಮನವಾಗುತ್ತದೆ. ತೀವ್ರವಾದಾಗ ಹೊಲಿಗೆಗಳ ಮೇಲೆ ಒತ್ತಡ, ರಕ್ತಸ್ರಾವ, ನಿರ್ಜಲೀಕರಣ ಹಾಗೂ ಲವಣಾಂಶಗಳ ಏರುಪೇರು ಉಂಟಾಗಬಹುದು. ಪೂರ್ಣ ಎಚ್ಚರವಿಲ್ಲದ ರೋಗಿಯಲ್ಲಿ ವಾಂತಿಯು ಶ್ವಾಸನಾಳವನ್ನು ಸೇರುವ ಅಪಾಯವಿರುವುದರಿಂದ ಅವರನ್ನು ಒಂದು ಮಗ್ಗುಲಿಗೆ ಮಲಗಿಸಲಾಗುತ್ತದೆ.

ತಡೆ ಮತ್ತು ಚಿಕಿತ್ಸೆ

ಅಪಾಯ ಹೆಚ್ಚಿರುವವರಿಗೆ ಅನಿಲದ ಬದಲು ಪ್ರೊಪೊಫೋಲ್‌ನಂತಹ ರಕ್ತನಾಳದ ಅರಿವಳಿಕೆ ಅಥವಾ ಅಂಗಭಾಗಕ್ಕೆ ಸೀಮಿತವಾದ ಅರಿವಳಿಕೆಯನ್ನು ಆಯ್ದುಕೊಳ್ಳಬಹುದು. ಡೆಕ್ಸಾಮೆಥಾಸೋನ್ ಅನ್ನು ಅರಿವಳಿಕೆಯ ಆರಂಭದಲ್ಲಿಯೂ ಒಂಡಾನ್ಸೆಟ್ರಾನ್ ಅನ್ನು ಶಸ್ತ್ರಚಿಕಿತ್ಸೆಯ ಕೊನೆಯಲ್ಲಿಯೂ ಸಾಮಾನ್ಯವಾಗಿ ನೀಡಲಾಗುತ್ತದೆ. ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವ ಎರಡು ಔಷಧಗಳ ಜೋಡಣೆಯು ಒಂದಕ್ಕಿಂತ ಹೆಚ್ಚು ಪರಿಣಾಮಕಾರಿ. ಮಣಿಕಟ್ಟಿನ ಒಳಭಾಗದ 'ಪಿ6' ಬಿಂದುವನ್ನು ಒತ್ತುವುದರಿಂದಲೂ ಕೆಲವರಿಗೆ ಉಪಶಮನ ದೊರೆಯುತ್ತದೆ.

ಗ್ರಾಮೀಣ ರೋಗಿಗಳು

ಶ್ರೀನಿವಾಸಪುರದಂತಹ ತಾಲ್ಲೂಕುಗಳಿಂದ ಕೋಲಾರದ ಎಸ್.ಎನ್.ಆರ್. ಜಿಲ್ಲಾಸ್ಪತ್ರೆಗೋ ಟಮಕದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಶಸ್ತ್ರಚಿಕಿತ್ಸೆಗಾಗಿ ಹೋಗುವವರಿಗೆ ಮರಳಿ ಊರು ಸೇರುವ ಪ್ರಯಾಣವೂ ಮುಖ್ಯ. ವಾಹನದ ಕುಲುಕಾಟವು ವಾಕರಿಕೆಯನ್ನು ಮತ್ತೆ ಕೆರಳಿಸಬಲ್ಲದು. ಬಸ್ಸಿನಲ್ಲಿ ವಾಂತಿಯಾಗುವ ಸ್ವಭಾವವನ್ನು ಕ್ಷುಲ್ಲಕವೆಂದು ಮುಚ್ಚಿಡದೆ ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿದಲ್ಲಿ ಸೂಕ್ತ ಔಷಧವನ್ನು ಮುಂಚಿತವಾಗಿ ನೀಡಲು ಅನುಕೂಲವಾಗುತ್ತದೆ. ಮನೆಗೆ ಮರಳಿದ ಮೇಲೂ ವಾಂತಿ ನಿಲ್ಲದಿದ್ದರೆ, ನೀರೂ ಉಳಿಯದಿದ್ದರೆ ಅಥವಾ ಹೊಟ್ಟೆ ಉಬ್ಬರಿಸಿದರೆ ಕೂಡಲೇ ವೈದ್ಯರನ್ನು ಕಾಣುವುದು ಅಗತ್ಯ.