ಪ್ರೇಕ್ಷಾಗೃಹದ ಬಾಗಿಲು

ಭರತಮುನಿಯ ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ಒಂದು ಪ್ರಸಂಗವುಂಟು. ಇಂದ್ರಧ್ವಜದ ಉತ್ಸವದಲ್ಲಿ ದೇವತೆಗಳ ಸಮಕ್ಷಮ ಮೊಟ್ಟಮೊದಲಿನ ನಾಟ್ಯಪ್ರಯೋಗವು ನಡೆದಿರಲು, ದೈತ್ಯರೂ ವಿಘ್ನಗಳೂ ಒಮ್ಮೆಲೇ ಮೇಲ್ವಾಯ್ದು ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಸ್ತಂಭಿಸಿಬಿಟ್ಟವು. ಇಂದ್ರನು ತನ್ನ ಧ್ವಜದಂಡದಿಂದ ಅವುಗಳನ್ನು ಬಡಿದನು. ಆದರೂ ಉಳಿದವು ಪುನಃ ಕಾಡಿದವು. ಆಗ ಬ್ರಹ್ಮನು ವಿಶ್ವಕರ್ಮನಿಂದ ನಾಟ್ಯಗೃಹವನ್ನು ಕಟ್ಟಿಸಿ, ಅದರ ಒಂದೊಂದು ಅಂಗಕ್ಕೆ ಒಬ್ಬೊಬ್ಬ ದೇವತೆಯನ್ನು ಕಾವಲಿಗೆ ನಿಲ್ಲಿಸಿದನು. ಹೊಸ್ತಿಲಿನಲ್ಲಿ ಯಮದಂಡವನ್ನಿಟ್ಟನು; ದ್ವಾರಪಾಲಕರಾಗಿ ನಿಂತವರು ನಿಯತಿ ಮತ್ತು ಮೃತ್ಯು. ಆಟವು ಕೆಟ್ಟ ಮೇಲೆಯೇ ಆಟದ ಮನೆಯು ಹುಟ್ಟಿತೆಂಬುದೂ, ಆ ಮನೆಯ ಬಾಗಿಲಲ್ಲಿ ಮೃತ್ಯುವು ನಿಂತಿರುವನೆಂಬುದೂ ಬರೇ ಪುರಾಣದ ಮಾತುಗಳಲ್ಲ. ಸಿನೇಮಾದ ಇತಿಹಾಸವನ್ನು ನೋಡಿದವರಿಗೆ ಇವೆರಡೂ ಅಕ್ಷರಶಃ ನಿಜವಾಗಿ ತೋರುವವು.

ನಮ್ಮ ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯಂಥ ಊರುಗಳ ಸುತ್ತಣ ಹಳ್ಳಿಗರಿಗೆ ಸಿನೇಮಾ ಎಂಬುದು ಬಹುಕಾಲ ಡೇರೆಯ ಆಟವೇ ಆಗಿತ್ತು. ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದೊಡನೆ ಟೂರಿಂಗ್ ಟಾಕೀಜು ಬಂದು ಬಯಲಿನಲ್ಲಿ ತಂಬು ಹೊಡೆಯುವದು. ಕತ್ತಲಾಗದೆ ಆಟವಿಲ್ಲ. ಗಂಡಸರು ಒಂದು ಕಡೆ, ಹೆಂಗಸರು ಮಕ್ಕಳು ಇನ್ನೊಂದು ಕಡೆ; ಹೆಚ್ಚಿನವರಿಗೆ ಎರೆಯ ನೆಲವೇ ಆಸನ. ಹೊರಗೆ ಎಂಜಿನ್ನಿನ ಸಪ್ಪಳ. ಒಳಗೆ ಒಂದೇ ಯಂತ್ರವಿದ್ದಲ್ಲಿ ರೀಲು ಮುಗಿದಾಗಲೆಲ್ಲ ವಿರಾಮ. ವಿಘ್ನಗಳಿಗೂ ಕೊರತೆಯಿರಲಿಲ್ಲ. ಎಂಜಿನ್ನು ನಿಲ್ಲುವದು, ಪಟ್ಟಿ ಹರಿಯುವದು, ಗಾಳಿಗೆ ತಂಬಿನ ಹಗ್ಗ ಕೀಳುವದು, ಕಲಘಟಗಿಯ ಕಡೆಗೆ ಅಕಾಲದಲ್ಲಿ ಮಳೆ ಹೊಡೆಯುವದು, ಕತ್ತಲಲ್ಲಿ ಯಾರೋ ಒಬ್ಬರು ಚೇಳೆಂದು ಕೂಗುವದು. ಇಂಥ ವಿಘ್ನಗಳನ್ನು ಜನರು ನಕ್ಕು, ಸಿಳ್ಳು ಹಾಕಿ ದಾಟುತ್ತಿದ್ದರು. ನಗಲು ಬಾರದ ವಿಘ್ನವೆಂದರೆ ಬೆಂಕಿ.

ಅದರ ಕಾರಣವು ನಮ್ಮ ಎರೆನಾಡಿನವರಿಗೆ ಅಪರಿಚಿತವಲ್ಲ. ಆದಿಯಿಂದ ಸುಮಾರು 1950ರ ವರೆಗೆ ಸಿನೇಮಾದ ಪಟ್ಟಿಯನ್ನು ಮಾಡುತ್ತಿದ್ದುದು ನೈಟ್ರೇಟ್ ಸೆಲ್ಯುಲೋಸಿನಿಂದ. ಅರ್ಥಾತ್ ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದ ಪದಾರ್ಥದಿಂದ. ಕೋವಿಯ ಮದ್ದಾಗಿ ಬಳಸುವ ಸಿಡಿಹತ್ತಿಯು ಇದರ ಒಡಹುಟ್ಟು. ಹತ್ತಿಯ ಅಂಡಿಗೆಗೆ ಕಿಡಿ ತಗುಲಿದರೆ ಏನಾಗುವದೆಂಬುದನ್ನು ನವಲಗುಂದ, ಅಣ್ಣಿಗೇರಿಗಳ ಒಕ್ಕಲಿಗರಿಗೆ ಹೇಳಬೇಕಾಗಿಲ್ಲ. ಈ ಪಟ್ಟಿಯಾದರೋ ಅದಕ್ಕಿಂತ ಉಗ್ರವಾದದ್ದು: ಉರಿಯಲು ಬೇಕಾದ ಪ್ರಾಣವಾಯುವನ್ನು ತನ್ನಲ್ಲಿಯೇ ಹೊತ್ತಿರುವದರಿಂದ ನೀರಿನಲ್ಲಿ ಮುಳುಗಿಸಿದರೂ ಆರದು; ಅದರ ಹೊಗೆಯು ವಿಷ. ಇಂಥ ಪಟ್ಟಿಯನ್ನು 3,000 ಅಂಶಕ್ಕೂ ಮಿಕ್ಕ ಉಷ್ಣತೆಯ ಇದ್ದಲಿ ದೀಪದ ಮುಂದೆ, ಸೆಕೆಂದಿಗೆ 24 ಚಿತ್ರಗಳ ವೇಗದಿಂದ ಓಡಿಸುತ್ತಿದ್ದರು. ಓಡುವಾಗ ಅಪಾಯವು ಕಡಿಮೆ. ನಿಂತ ಕ್ಷಣವೇ ಬೆಂಕಿ ಹೊತ್ತಬಹುದು.

ಲೂಮಿಯೇರ್ ಸಹೋದರರ ಚಲಚ್ಚಿತ್ರಗಳನ್ನು ಮುಂಬಯಿಯ ವಾಟ್ಸನ್ ಹೊಟೇಲಿನಲ್ಲಿ ಮೊದಲು ತೋರಿಸಿದ್ದು 1896ನೆಯ ಇಸವಿಯ ಜುಲೈ 7ರಂದು. ತರುವಾಯ ಹತ್ತು ತಿಂಗಳು ತುಂಬುವ ಮೊದಲೇ, 1897ರ ಮೇ 4ರಂದು, ಪ್ಯಾರಿಸ್ ನಗರದ ಒಂದು ಧರ್ಮಾರ್ಥ ಸಂತೆಯಲ್ಲಿ ಸಿನೇಮಾ ದೀಪಕ್ಕೆ ಈಥರ್ ತುಂಬುವಾಗ ಗೀರಿದ ಕಡ್ಡಿಯಿಂದ ಬೆಂಕಿ ಹತ್ತಿತು. ಕಟ್ಟಿಗೆಯ ಮಂಟಪ, ಬಣ್ಣ ಬಳಿದ ಬಟ್ಟೆಯ ಅಲಂಕಾರ. ಕೆಲವೇ ನಿಮಿಷಗಳಲ್ಲಿ ಸುಮಾರು 126 ಜನರು ದಗ್ಧರಾದರು. ಅವರಲ್ಲಿ ಬಹುತರರು ದಾನಕಾರ್ಯಕ್ಕೆಂದು ಬಂದಿದ್ದ ಕುಲೀನ ಸ್ತ್ರೀಯರು.

ಪ್ಯಾರಿಸ್ಸು ದೊಡ್ಡ ಪಟ್ಟಣ. ನಮ್ಮ ಹಳ್ಳಿಗಳಿಗೆ ಹತ್ತಿರವಾದ ಉದಾಹರಣೆಯು ಐರ್ಲಂಡದ ಡ್ರಮ್‌ಕಾಲಹರ್ ಎಂಬ ಸಣ್ಣ ಊರಿನದು. 1926ರ ಸಪ್ಟೆಂಬರ 5, ಆದಿತ್ಯವಾರ ರಾತ್ರಿ, ಅಲ್ಲಿಯ ಜನರು ಒಂದು ಕೊಟ್ಟಿಗೆಯ ಅಟ್ಟದ ಮೇಲೆ ಸಿನೇಮಾ ನೋಡಲು ಕೂಡಿದ್ದರು. ಹತ್ತಿಳಿಯಲು ಇದ್ದದ್ದು ಒಂದೇ ಏಣಿ. ಅದರ ಸಮೀಪದ ಮೇಜಿನ ಮೇಲೆ ತೆರೆದ ರೀಲುಗಳು, ಪಕ್ಕದಲ್ಲಿ ಮೇಣದ ಬತ್ತಿ. ಬತ್ತಿಯ ಉರಿಯು ರೀಲಿಗೆ ತಗುಲಿತು. ಬೆಂಕಿಯು ಬಾಗಿಲಿನ ಕಡೆಗೇ ಇದ್ದುದರಿಂದ ಜನರು ಹಿಂದಿನ ಕಿಟಕಿಗಳಿಗೆ ಓಡಿದರು, ಅವುಗಳಿಗೆ ಸರಳುಗಳಿದ್ದವು. ಆ ರಾತ್ರಿ 48 ಜನರು ಮಡಿದರು. ಇನ್ನು 1929ರ ಡಿಸೆಂಬರ 31ರಂದು ಸ್ಕಾಟ್ಲಂಡದ ಪೇಸ್ಲಿಯಲ್ಲಿ ನಡೆದುದು ಇದಕ್ಕಿಂತ ವಿಚಿತ್ರ. ಅಲ್ಲಿ ಪ್ರೇಕ್ಷಾಗೃಹವು ಸುಡಲೇ ಇಲ್ಲ. ರೀಲಿನ ಡಬ್ಬಿಯೊಂದು ಹೊಗೆಯಾಡಿತು, ಬಾಲಕರು ಹೆದರಿ ಹೊರಬಾಗಿಲಿಗೆ ನುಗ್ಗಿದರು, ಅದು ತೆರೆಯಲಿಲ್ಲ. ಸುಮಾರು 70 ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಉಸಿರುಗಟ್ಟಿ ಸತ್ತರು. ಕೊಂದದ್ದು ಬೆಂಕಿಯಲ್ಲ, ಬಾಗಿಲು.

ಇಂಥ ಅನರ್ಥಗಳಿಂದಲೇ ಕಾಯದೆಗಳು ಹುಟ್ಟಿದವು. ಇಂಗ್ಲಂಡದಲ್ಲಿ 1909ರಲ್ಲಿ, ಹಿಂದುಸ್ಥಾನದಲ್ಲಿ 1918ರಲ್ಲಿ ಸಿನೇಮಾದ ಕಾಯದೆಗಳಾದವು. ನಮ್ಮಲ್ಲಿ 1918ರ ಕಾಯದೆಯೆಂದರೆ ಚಿತ್ರಗಳಿಗೆ ಕತ್ತರಿ ಹಾಕಿದ್ದೇ ಜನರ ನೆನಪಿನಲ್ಲಿ ಉಳಿದಿದೆ. ಆದರೆ ನೋಡುವವರ ಪ್ರಾಣರಕ್ಷಣೆಯೂ ಅದರ ಉದ್ದೇಶವಾಗಿತ್ತು. ಜಿಲ್ಲಾ ಮ್ಯಾಜಿಸ್ಟ್ರೇಟರ ಪರವಾನಿಗೆಯಿಲ್ಲದೆ ಆಟ ಆಡಿಸಕೂಡದು. ಸುರಕ್ಷತೆಯ ವ್ಯವಸ್ಥೆಯು ಮನವರಿಕೆಯಾಗದೆ ಅವರು ಪರವಾನಿಗೆ ಕೊಡಕೂಡದು. ಆಗ ಧಾರವಾಡವು ಮುಂಬಯಿ ಇಲಾಖೆಯಲ್ಲಿತ್ತು. 1953ರ ಮುಂಬಯಿಯ ಕಾಯದೆಯೂ, 1956ರಲ್ಲಿ ನಾಡು ಒಂದಾದ ಮೇಲೆ 1964ರ ನಮ್ಮ ರಾಜ್ಯದ ಕಾಯದೆಯೂ ಇದೇ ಮಾರ್ಗವನ್ನು ಹಿಡಿದವು. ಯಂತ್ರಕ್ಕೆ ಬೆಂಕಿ ಹತ್ತದ ಬೇರೆ ಕೋಣೆ, ಮರಳಿನ ಬಕೀಟುಗಳು, ಬೀಡಿ ಸೇದಬಾರದೆಂಬ ಫಲಕ, ಕತ್ತಲಲ್ಲಿಯೂ ಕಾಣುವ ನಿರ್ಗಮನದ ದೀಪ, ಹೊರಕ್ಕೆ ತೆರೆಯುವ ಬಾಗಿಲು: ನಾವು ಕಂಡೂ ಕಾಣದಂತೆ ದಾಟಿಹೋಗುವ ಈ ಒಂದೊಂದರ ಹಿಂದೆಯೂ ಎಲ್ಲಿಯೋ ಕೆಟ್ಟ ಒಂದು ಆಟವಿದೆ.

ಡೇರೆಗೆ ಗೋಡೆಯಿಲ್ಲ, ಸುತ್ತಣ ಬಟ್ಟೆಯನ್ನೆತ್ತಿದರೆ ಎಲ್ಲೆಡೆಯೂ ಬಾಗಿಲೇ ಅಲ್ಲವೇ, ಎಂದು ಯಾರಾದರೂ ಕೇಳಬಹುದು. ಮಾತಿನಲ್ಲಿ ಸತ್ಯಾಂಶವುಂಟು, ತಿಕೀಟಿಲ್ಲದ ಹುಡುಗರು ಆ ಮಾರ್ಗವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಡೇರೆಯ ಬಟ್ಟೆಯೇ ಉರುವಲಾದರೆ? 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕಿಂತ ಹೆಚ್ಚು ಜನರು ಮೃತರಾದರು. ಅವರಲ್ಲಿ ಬಹುಮಂದಿ ಮಕ್ಕಳು. ಅದು ಸಿನೇಮಾ ಅಲ್ಲವಾದರೂ ಡೇರೆಯ ಕೆಳಗೆ ಕೂಡ್ರುವ ಯಾವತ್ತೂ ಜನರಿಗೆ ಅದೇ ಪಾಠ.

ಅಷ್ಟರಲ್ಲಿ ನೈಟ್ರೇಟಿನ ಪಟ್ಟಿಯು ಎಂದೋ ಮಾಯವಾಗಿತ್ತು. ಅಪಾಯವೂ ಹೋಯಿತೆಂದು ಲೋಕವು ತಿಳಿಯಿತು. 1997ರ ಜೂನ 13ರಂದು ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬಾರ್ಡರ್ ಎಂಬ ಹಿಂದೀ ಚಿತ್ರವು ನಡೆದಿರಲು, ಕೆಳಗಿನ ವಿದ್ಯುತ್ ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಹತ್ತಿ ಹೊಗೆಯು ಮೇಲಕ್ಕೇರಿತು. ಬಾಲ್ಕನಿಯ ಒಂದು ಮಾರ್ಗವನ್ನು ಹೆಚ್ಚಿನ ಕುರ್ಚಿಗಳಿಗಾಗಿ ಮುಚ್ಚಿದ್ದರು. ಉಸಿರುಗಟ್ಟಿ 59 ಜನರು ಸತ್ತರು. ಆಗ ನಮ್ಮಲ್ಲಿ 1918ರಿಂದ 79 ವರುಷಗಳ ಕಾಯದೆಯಿತ್ತು, ನಿಯಮಗಳಿದ್ದವು, ಪರವಾನಿಗೆಯಿತ್ತು, ಬಾಗಿಲೊಂದು ಇರಲಿಲ್ಲ. ಕಾಗದದ ಮೇಲಿನ ಬಾಗಿಲಿನಿಂದ ಯಾರೂ ಹೊರಬೀಳಲಾರರು.

ಈಗ ಟೂರಿಂಗ್ ಟಾಕೀಜುಗಳು ನಮ್ಮ ಬಯಲುಗಳಿಂದ ಹೊರಟುಹೋಗಿವೆ. ಆದರೆ ಜನರು ಕೂಡುವದು ನಿಂತಿಲ್ಲ. ಮದುವೆಯ ಕಾರ್ಯಾಲಯಗಳಲ್ಲಿ, ಶಾಲೆಯ ಸ್ನೇಹಸಮ್ಮೇಳನದ ಮಂಟಪಗಳಲ್ಲಿ, ಜಾತ್ರೆಯ ನಾಟಕದ ಥಿಯೇಟರುಗಳಲ್ಲಿ ನೂರಾರು ಜನರು ಮಕ್ಕಳೊಡನೆ ಕೂಡುವರು. ಅಲ್ಲಿ ಹಿಂದಿನ ಬಾಗಿಲಿಗೆ ಕುರ್ಚಿಗಳ ರಾಶಿಯೋ ಅಡಿಗೆಯ ಹಂಡೆಗಳೋ ಅಡ್ಡವಾಗಿರುವದನ್ನು ಯಾರು ನೋಡಿಲ್ಲ? ಶುಭಕಾರ್ಯದಲ್ಲಿ ಬೆಂಕಿಯ ಮಾತೆತ್ತುವದು ಅಪಶಕುನವೆಂದು ನಮ್ಮ ಮನೆಗಳಲ್ಲಿ ಹಿರಿಯರು ಗದರುವದುಂಟು. ಅಂಥವರು ಭರತನನ್ನು ನೆನೆಯಲಿ. ಅವನು ದೇವತೆಗಳ ಉತ್ಸವದ ಪ್ರಸಂಗದಲ್ಲಿಯೇ ಮೃತ್ಯುವಿನ ಹೆಸರನ್ನು ಹೇಳಿ, ಅವನ ಸ್ಥಾನವು ಬಾಗಿಲೆಂದು ತೋರಿಸಿಕೊಟ್ಟನು. ಕೂಡ್ರುವ ಮುನ್ನ ಎರಡನೆಯ ಬಾಗಿಲು ಎಲ್ಲಿರುವದು, ಅದರ ಅಗುಳಿಯು ತೆಗೆದಿರುವದೋ ಎಂದು ಕೇಳುವದು ಗೃಹಸ್ಥನ ಧರ್ಮವೆಂದೇ ನಮ್ಮ ಮತ.