ಕೆರೆನೀರಿನ ಬ್ಯಾಕ್ಟೀರಿಯಾ ಪರೀಕ್ಷೆ: ದಕ್ಷಿಣ ಬೆಂಗಳೂರು

ಕೆರೆ, ಹೊಳೆ, ಕಡಲತೀರಗಳ ನೀರು ಸ್ನಾನಕ್ಕೂ ವಿಹಾರಕ್ಕೂ ಯೋಗ್ಯವೇ ಎಂಬುದನ್ನು ಅದರಲ್ಲಿರುವ ಕರುಳಿನ ಬ್ಯಾಕ್ಟೀರಿಯಾಗಳ ಎಣಿಕೆಯಿಂದ ನಿರ್ಧರಿಸುತ್ತಾರೆ. ರೋಗಾಣುಗಳನ್ನು ಒಂದೊಂದಾಗಿ ಹುಡುಕುವುದು ಕಷ್ಟ, ದುಬಾರಿ. ಆದ್ದರಿಂದ ಮಲದೊಡನೆ ನೀರಿಗೆ ಸೇರುವ ಕೋಲಿಫಾರ್ಮ್ ಗುಂಪನ್ನು ಸೂಚಕವಾಗಿ ಬಳಸುತ್ತಾರೆ. ಈ ಗುಂಪಿನ ಮುಖ್ಯ ಜೀವಿಯಾದ ಇ. ಕೋಲೈಯನ್ನು 1885ರಲ್ಲಿ ಥಿಯೋಡೋರ್ ಎಷರಿಚ್ ಶಿಶುಗಳ ಮಲದಲ್ಲಿ ಗುರುತಿಸಿದರು.

ನೀರನ್ನು ಕ್ರಿಮಿಶುದ್ಧ ಬಾಟಲಿಯಲ್ಲಿ ಹಿಡಿದು, ತಂಪಾಗಿಟ್ಟು ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಅಲ್ಲಿ ಅದನ್ನು ಬೇರೆ ಬೇರೆ ಪ್ರಮಾಣದಲ್ಲಿ ಲ್ಯಾಕ್ಟೋಸ್ ಇರುವ ದ್ರಾವಣದ ನಳಿಕೆಗಳಿಗೆ ಸೇರಿಸಿ, ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24ರಿಂದ 48 ಗಂಟೆ ಇಡುತ್ತಾರೆ. ಅನಿಲದ ಗುಳ್ಳೆ ಕಂಡ ನಳಿಕೆಗಳ ಲೆಕ್ಕದಿಂದ 100 ಮಿಲಿಲೀಟರಿನಲ್ಲಿರಬಹುದಾದ ಸಂಖ್ಯೆಯನ್ನು ಅಂದಾಜು ಮಾಡುತ್ತಾರೆ, ಇದೇ ಎಂಪಿಎನ್ (ಅತಿ ಸಂಭಾವ್ಯ ಸಂಖ್ಯೆ). ಫಲಿತಾಂಶ ಕೈಸೇರುವಷ್ಟರಲ್ಲಿ ಆ ನೀರಿಗೆ ಇಳಿದವರು ಇಳಿದಾಗಿರುತ್ತದೆ. ಈ ವಿಧಾನದ ದೊಡ್ಡ ಮಿತಿ ಇದು.

ಭಾರತದಲ್ಲಿ 1974ರ ಜಲ ಕಾಯ್ದೆ ಈ ಕೆಲಸಕ್ಕೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿ ಅದೇ ವರ್ಷ ರಚನೆಯಾಯಿತು. ಕೇಂದ್ರ ಮಂಡಳಿ ನೀರನ್ನು ಬಳಕೆಗೆ ತಕ್ಕಂತೆ ಎ ಯಿಂದ ಇ ವರೆಗೆ ವಿಂಗಡಿಸಿದೆ. ಸ್ನಾನಕ್ಕೆ ಯೋಗ್ಯವಾದ ಬಿ ವರ್ಗದಲ್ಲಿ 100 ಮಿಲಿಲೀಟರಿಗೆ ಒಟ್ಟು ಕೋಲಿಫಾರ್ಮ್ 500 ಮೀರುವಂತಿಲ್ಲ. ಲೀಟರಿಗೆ ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ ಇರಬೇಕು, ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) 3 ಮಿಲಿಗ್ರಾಂ ದಾಟಬಾರದು.

ರಾಜ್ಯ ಮಂಡಳಿಯ ತಿಂಗಳ ವರದಿಗಳಲ್ಲಿ ಬೆಂಗಳೂರಿನ ಬಹುಪಾಲು ಕೆರೆಗಳು ಡಿ ಅಥವಾ ಇ ವರ್ಗಕ್ಕೆ ಬೀಳುತ್ತವೆ. ಡಿ ವರ್ಗ ಮೀನುಗಾರಿಕೆಗೆ, ಇ ವರ್ಗ ನೀರಾವರಿ ಮತ್ತು ಕೈಗಾರಿಕೆಗೆ. ಈ ಎರಡರಲ್ಲೂ ಕೋಲಿಫಾರ್ಮ್‌ಗೆ ಮಿತಿಯೇ ಇಲ್ಲ. ಹೀಗಾಗಿ ಒಂದು ಕೆರೆ ಇ ಯಿಂದ ಡಿ ಗೆ ಏರಿತೆಂದರೆ ಅದರ ಬ್ಯಾಕ್ಟೀರಿಯಾ ತಗ್ಗಿದೆ ಎಂದು ತಿಳಿಯುವಂತಿಲ್ಲ. ಎಣಿಕೆಯನ್ನು ಬೇರೆಯಾಗಿಯೇ ನೋಡಬೇಕು. ಮಡಿವಾಳ ಕೆರೆಯಂತೆ ದೋಣಿವಿಹಾರ ನಡೆದಿರುವ, ದಂಡೆಯಲ್ಲಿ ಮಕ್ಕಳು ಆಡುವ ಕಡೆ ಇದು ಸಣ್ಣ ಕೊರತೆಯಲ್ಲ.

ಮಾಲಿನ್ಯದ ಮುಖ್ಯ ದಾರಿ ರಾಜಕಾಲುವೆ. ಮಳೆನೀರಿಗಾಗಿ ಇರುವ ಈ ಕಾಲುವೆಗಳಿಗೆ ಒಳಚರಂಡಿ ನೀರು ಸೇರಿ ಕೆರೆಯಿಂದ ಕೆರೆಗೆ ಸಾಗುತ್ತದೆ: ಮಡಿವಾಳದ ಕೋಡಿ ನೀರು ಅಗರಕ್ಕೆ, ಅಲ್ಲಿಂದ ಬೆಳ್ಳಂದೂರಿಗೆ. ಕೆರೆ ಉಳಿಸಲು ಜನರೂ ಮುಂದಾಗಿದ್ದುಂಟು: ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ರಕ್ಷಣೆಗೆ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡರು.

ಕಡಲತೀರದ ಕ್ರಮ ಇನ್ನೂ ಬಿಗಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಪಡೆದ ಕರ್ನಾಟಕದ ಪಡುಬಿದ್ರಿ ಮತ್ತು ಕಾಸರಕೋಡು ತೀರಗಳಿಗೆ 100 ಮಿಲಿಲೀಟರಿಗೆ ಇ. ಕೋಲೈ 250, ಎಂಟೆರೋಕಾಕೈ 100 ಎಂಬ ಮಿತಿ ಅನ್ವಯಿಸುತ್ತದೆ. ಎಂಟೆರೋಕಾಕೈ ಉಪ್ಪುನೀರಿನಲ್ಲಿ ಹೆಚ್ಚು ಕಾಲ ಬದುಕುವುದರಿಂದ ಅದರ ಎಣಿಕೆಯೂ ಬೇಕು. ಫಲಿತಾಂಶವನ್ನು ತೀರದಲ್ಲೇ ಫಲಕದ ಮೇಲೆ ಪ್ರಕಟಿಸುವುದೂ ಮನ್ನಣೆಯ ಷರತ್ತುಗಳಲ್ಲೊಂದು.