ಗಡಿಯ ನಾಯಕತ್ವದ ಏರಿಳಿತ: ಮಡಕಶಿರದ ಎನ್. ರಘುವೀರಾರೆಡ್ಡಿ

ಆಡಳಿತದ ಗೆರೆ ಬದಲಾದಾಗ ಜನರ ಬದುಕು ಹೇಗೆ ಬದಲಾಗುತ್ತದೆ ಎಂಬುದನ್ನು ಕಣೇಕಲ್ಲಿನ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಮದರಾಸು ರಾಜ್ಯದಿಂದ ಆಂಧ್ರವು ಬೇರ್ಪಟ್ಟಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಉಳಿದವು ಮೈಸೂರಿಗೆ ಸೇರಿದವು. ರಾಯದುರ್ಗದೊಡನೆ ಕಣೇಕಲ್ಲು ಅನಂತಪುರ ಜಿಲ್ಲೆಗೆ ಬಂದಿತು. ಅದೇ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿದ್ದ ಮಡಕಶಿರದ ಇತಿಹಾಸ ಬೇರೆ. 1882ರಲ್ಲಿ ಅನಂತಪುರ ಜಿಲ್ಲೆ ರಚನೆಯಾದಂದಿನಿಂದಲೂ ಅದು ಆ ಜಿಲ್ಲೆಯ ಭಾಗವೇ ಆಗಿತ್ತು. ಭಾಷಾವಾರು ವಿಂಗಡಣೆಯ ಕಾಲದಲ್ಲಿಯೂ ಅಲ್ಲಿಂದ ಕದಲಲಿಲ್ಲ. ಬಂದ ದಾರಿ ಬೇರೆಯಾದರೂ ಎರಡೂ ಸೀಮೆಗಳು ತಲುಪಿದ ಸ್ಥಿತಿ ಒಂದೇ: ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ, ಕಚೇರಿಯ ಕಾಗದದಲ್ಲಿ ತೆಲುಗು.

ಇಂಥ ಸೀಮೆಯಿಂದ ಹೊರಟ ರಾಜಕಾರಣಿಯೊಬ್ಬರು ಎಷ್ಟು ಎತ್ತರಕ್ಕೆ ಏರಬಲ್ಲರು? ಅವರು ಇಳಿದಾಗ ಆ ಸೀಮೆಗೆ, ಅದರ ನುಡಿಗೆ ಉಳಿಯುವುದೇನು? ಈ ಪ್ರಶ್ನೆಗಳನ್ನು ಇಟ್ಟುಕೊಂಡು ನೀಲಕಂಠಾಪುರದ ಎನ್. ರಘುವೀರಾರೆಡ್ಡಿ ಅವರ ರಾಜಕೀಯ ಜೀವನವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ವ್ಯಕ್ತಿಯ ಗುಣದೋಷಗಳ ವಿಮರ್ಶೆ ಇಲ್ಲಿಯ ವಿಷಯವಲ್ಲ. ಅವರ ಏಳುಬೀಳುಗಳ ಹಿಂದಿದ್ದ ನೆಲದ ಚರಿತ್ರೆಯೇ ವಿಷಯ.

ಆ ನೆಲದ ಸ್ವರೂಪವನ್ನು ಮೊದಲು ತಿಳಿಯಬೇಕು. ಮಡಕಶಿರ ಸೀಮೆಯು ಕರ್ನಾಟಕದ ತುಮಕೂರು ಜಿಲ್ಲೆಯೊಳಕ್ಕೆ ಚಾಚಿಕೊಂಡಿದೆ. ಪಾವಗಡ, ಶಿರಾ, ಮಧುಗಿರಿ ತಾಲ್ಲೂಕುಗಳು ಅದರ ನೆರೆಹೊರೆ. ಮಡಕಶಿರ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಎಂಬ ಐದು ಮಂಡಲಗಳು ಸೇರಿ ಇಲ್ಲಿಯ ವಿಧಾನಸಭಾ ಕ್ಷೇತ್ರವಾಗಿದೆ. ಅಮರಾಪುರ ಮಂಡಲದ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿಯ ದೇವಾಲಯಗಳೂ ಕನ್ನಡ ಶಾಸನಗಳೂ ಈ ನೆಲದಲ್ಲಿ ಕನ್ನಡವು ಗಡಿಯಾಚೆಯಿಂದ ಬಂದ ನುಡಿಯಲ್ಲ ಎಂಬುದಕ್ಕೆ ಸಾಕ್ಷಿ. ಆದರೆ ವರ್ತಮಾನದ ಆರ್ಥಿಕತೆ ಬರಗಾಲದ್ದು. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಳೆ ಕಾಣುವ ಅನಂತಪುರ ಜಿಲ್ಲೆಯಲ್ಲಿ ರೈತನ ಬದುಕು ಬಹುಮಟ್ಟಿಗೆ ಮಳೆಯಾಶ್ರಿತ ಶೇಂಗಾ ಬೆಳೆಯನ್ನೂ ಕೊಳವೆಬಾವಿಯನ್ನೂ ನೆಚ್ಚಿಕೊಂಡಿತ್ತು. ಆದ್ದರಿಂದ ಇಲ್ಲಿ ಮತ ಕೇಳುವವನು ಮೊದಲು ನೀರಿನ ಮಾತನ್ನು ಆಡಬೇಕು. ಆ ಮಾತನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಆಡಬಲ್ಲವನಾಗಿರಬೇಕು.

1957ರಲ್ಲಿ ಜನಿಸಿದ ರಘುವೀರಾರೆಡ್ಡಿ ಅಂಥವರಲ್ಲೊಬ್ಬರು. ಹೆಸರಿನ ಕೊನೆಯಲ್ಲಿ ರೆಡ್ಡಿ ಎಂದಿದ್ದರೂ ಅವರು ಹಿಂದುಳಿದ ವರ್ಗಕ್ಕೆ ಸೇರಿದ ಯಾದವ ಸಮುದಾಯದವರು. ಭೂಮಾಲೀಕ ಮನೆತನಗಳ ಪ್ರಭಾವ ದಟ್ಟವಾಗಿದ್ದ ರಾಯಲಸೀಮೆಯ ರಾಜಕಾರಣದಲ್ಲಿ ಇದು ಗಮನಾರ್ಹವಾದ ಸಂಗತಿ. 1989ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಮಡಕಶಿರದಿಂದ ಮೊದಲ ಬಾರಿಗೆ ವಿಧಾನಸಭೆಯನ್ನು ಪ್ರವೇಶಿಸಿದರು. 1994ರ ತೆಲುಗು ದೇಶಂ ಅಲೆಯಲ್ಲಿ ಕಾಂಗ್ರೆಸ್ 294 ಸ್ಥಾನಗಳ ಪೈಕಿ 26ಕ್ಕೆ ಕುಸಿದಾಗ ಈ ಸ್ಥಾನವೂ ಕೈತಪ್ಪಿತು. 1999ರಲ್ಲಿ ಪಕ್ಷ ಮತ್ತೊಮ್ಮೆ ಸೋತರೂ ಅವರು ಗೆದ್ದರು, 2004ರಲ್ಲಿಯೂ ಗೆದ್ದರು. ಇದರಲ್ಲಿ 1999ರ ಗೆಲುವು ವಿಶೇಷವಾದದ್ದು. ರಾಜ್ಯದ ಗಾಳಿ ಒಂದು ಕಡೆಗೆ ಬೀಸುತ್ತಿದ್ದಾಗ ತಾಲ್ಲೂಕು ಇನ್ನೊಂದು ಕಡೆಗೆ ನಿಂತಿತು. ಸ್ವಂತ ನೆಲೆಯುಳ್ಳ ನಾಯಕನೆಂದು ಒಬ್ಬರನ್ನು ಕರೆಯುವುದು ಇಂಥ ಸಂದರ್ಭದಲ್ಲಿಯೇ.

2004ರಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಅವರ ಸಂಪುಟದಲ್ಲಿ ಅವರು ಕೃಷಿ ಸಚಿವರಾದರು. ಮುಖ್ಯಮಂತ್ರಿಗಳು ಮೇ 14ರಂದು ಅಧಿಕಾರ ವಹಿಸಿಕೊಂಡೊಡನೆ ಸಹಿ ಹಾಕಿದ್ದು ರೈತರ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ನೀಡುವ ಕಡತಕ್ಕೆ. 2006ರ ಫೆಬ್ರವರಿ 2ರಂದು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಗೆ ಪ್ರಧಾನಿ ಮನಮೋಹನ ಸಿಂಗ್ ಚಾಲನೆ ನೀಡಿದ್ದು ಇದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ರಾಜ್ಯದ ಅತ್ಯಂತ ಒಣ ಜಿಲ್ಲೆ ಸರ್ಕಾರದ ಯೋಜನೆಗಳ ಕೇಂದ್ರಕ್ಕೆ ಬಂದ ಆ ವರ್ಷಗಳಲ್ಲಿ ಕೃಷಿಖಾತೆಯು ಅದೇ ಜಿಲ್ಲೆಯ ಗಡಿಗ್ರಾಮದವರ ಕೈಯಲ್ಲಿದ್ದುದು ಅರ್ಥಪೂರ್ಣವಾಗಿತ್ತು. ಇದು ಅವರ ಏರಿಕೆಯ ಕಾಲ.

ಇಳಿತದ ಮೊದಲ ಬೀಜ ಬಿದ್ದದ್ದು ಸೋಲಿನಲ್ಲಿ ಅಲ್ಲ, ಒಂದು ಆಡಳಿತಾತ್ಮಕ ಆದೇಶದಲ್ಲಿ. 2008ರ ಕ್ಷೇತ್ರ ಪುನರ್ವಿಂಗಡಣೆಯು ಮಡಕಶಿರವನ್ನು ಪರಿಶಿಷ್ಟ ಜಾತಿಗೆ ಮೀಸಲಿಟ್ಟಿತು. ಮೀಸಲಾತಿಯು ನ್ಯಾಯವಾದದ್ದೇ, ಅಷ್ಟು ಕಾಲ ಮಡಕಶಿರದಿಂದ ವಿಧಾನಸಭೆಗೆ ಹೋಗಲಾಗದವರಿಗೆ ಅದು ಬಾಗಿಲು ತೆರೆಯಿತು. ಆದರೆ ಇಪ್ಪತ್ತು ವರ್ಷಗಳಲ್ಲಿ ಒಬ್ಬ ನಾಯಕ ಕಟ್ಟಿಕೊಂಡ ಊರೂರಿನ ಒಡನಾಟ ಒಮ್ಮೆಗೇ ಚುನಾವಣೆಯ ಲೆಕ್ಕದಿಂದ ಹೊರಬಿದ್ದಿತು. 2009ರಲ್ಲಿ ಅವರು ಕಲ್ಯಾಣದುರ್ಗಕ್ಕೆ ಹೋಗಿ ಗೆದ್ದರು. ಗೆದ್ದದ್ದರಿಂದ ನಷ್ಟ ಆಗ ಕಾಣಿಸಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 2ರಂದು ರಾಜಶೇಖರ ರೆಡ್ಡಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಅವರ ಪುತ್ರ ಕಾಂಗ್ರೆಸ್ಸನ್ನು ತೊರೆದು ಬೇರೆ ಪಕ್ಷವನ್ನು ಕಟ್ಟಿದಾಗ ಪಕ್ಷದ ಕಾರ್ಯಕರ್ತರ ದೊಡ್ಡ ಭಾಗವೇ ಅತ್ತ ಸರಿಯಿತು. ರಘುವೀರಾರೆಡ್ಡಿ ಕಾಂಗ್ರೆಸ್ಸಿನಲ್ಲಿಯೇ ಉಳಿದರು. ಕಿರಣ್ ಕುಮಾರ್ ರೆಡ್ಡಿ ಅವರ ಸಂಪುಟದಲ್ಲಿ ಕಂದಾಯ ಸಚಿವರಾದರು.

ಮೂರನೆಯ ಪೆಟ್ಟು ರಾಜ್ಯದ ವಿಭಜನೆ. ತೆಲಂಗಾಣವನ್ನು ರಚಿಸಿದ ಕಾಂಗ್ರೆಸ್ಸಿನ ಮೇಲೆ ಸೀಮಾಂಧ್ರದ ಕೋಪ ಕುದಿಯುತ್ತಿದ್ದ 2014ರ ಮಾರ್ಚ್‌ನಲ್ಲಿ ಅವರನ್ನು ಆಂಧ್ರಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ಪದವಿಯ ದೃಷ್ಟಿಯಿಂದ ಇದು ಅವರ ವೃತ್ತಿಜೀವನದ ಶಿಖರ. ಆದರೆ ಅವರ ಕೈಗೆ ಬಂದದ್ದು ಕುಸಿಯುತ್ತಿದ್ದ ಪಕ್ಷ. 2009ರಲ್ಲಿ ಅಖಂಡ ರಾಜ್ಯದಲ್ಲಿ 156 ಸ್ಥಾನಗಳನ್ನು ಗೆದ್ದಿದ್ದ ಕಾಂಗ್ರೆಸ್ 2014ರಲ್ಲಿ ಉಳಿದ ಆಂಧ್ರದ 175 ಸ್ಥಾನಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಪೆನುಕೊಂಡೆಯಲ್ಲಿ ನಿಂತಿದ್ದ ಅಧ್ಯಕ್ಷರೂ ಸೋತರು. 2019ರಲ್ಲಿ ಮತ್ತೆ ಶೂನ್ಯ. ಪಕ್ಷಕ್ಕೆ ಬಂದ ಮತ ಶೇಕಡಾ 1.17, ‘ನೋಟಾ’ಕ್ಕೆ ಬಂದದ್ದಕ್ಕಿಂತಲೂ ಕಡಿಮೆ. ಕಲ್ಯಾಣದುರ್ಗದಲ್ಲಿ ಸೋತ ರಘುವೀರಾರೆಡ್ಡಿ ಅಧ್ಯಕ್ಷಸ್ಥಾನಕ್ಕೆ ರಾಜೀನಾಮೆ ಕೊಟ್ಟು ನೀಲಕಂಠಾಪುರಕ್ಕೆ ಮರಳಿ, ಊರಿನ ದೇವಾಲಯದ ನಿರ್ಮಾಣದಲ್ಲಿ ತೊಡಗಿದರು. 2021ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಅವರು ಪತ್ನಿಯನ್ನು ಹಿಂದೆ ಕೂರಿಸಿಕೊಂಡು ಮೊಪೆಡ್ಡಿನಲ್ಲಿ ಮತಗಟ್ಟೆಗೆ ಬಂದ ಚಿತ್ರ ನಾಡಿನಾದ್ಯಂತ ಹರಡಿತು. ಜನ ಅದರಲ್ಲಿ ಸರಳತೆಯನ್ನು ಕಂಡರು. ಇತಿಹಾಸದ ವಿದ್ಯಾರ್ಥಿಗೆ ಅದರಲ್ಲಿ ಇನ್ನೊಂದು ಅಂಶವೂ ಕಾಣುತ್ತದೆ: ಕ್ಷೇತ್ರ, ಆಶ್ರಯದಾತ, ಪಕ್ಷ ಮೂರೂ ಕೈಬಿಟ್ಟ ಮೇಲೆ ಈ ನಾಯಕನಿಗೆ ಉಳಿದದ್ದು ಹೊರಟಿದ್ದ ಊರು. 2023ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿಯ ಸದಸ್ಯತ್ವ ದೊರೆತು ಅವರು ಪಕ್ಷದ ಕೆಲಸಕ್ಕೆ ಹಿಂದಿರುಗಿದರಾದರೂ ಆ ಪದವಿ ದೆಹಲಿಯದು, ತಾಲ್ಲೂಕಿನದಲ್ಲ.

ಇನ್ನು ನುಡಿಯ ಪ್ರಶ್ನೆ. ಮಡಕಶಿರ, ರಾಯದುರ್ಗಗಳಂಥ ಕ್ಷೇತ್ರಗಳಲ್ಲಿ ಎಲ್ಲ ಪಕ್ಷಗಳಿಗೂ ಕನ್ನಡವು ಪ್ರಚಾರದ ಸಾಧನವಾಯಿತೇ ಹೊರತು ಪ್ರಚಾರದ ವಿಷಯವಾಗಲಿಲ್ಲ. ನೀರು, ವಿದ್ಯುತ್ತು, ಸಾಲ, ಬೆಳೆವಿಮೆ ಇವುಗಳ ಮುಂದೆ ಶಾಲೆಯ ಪಠ್ಯಪುಸ್ತಕ, ಶಿಕ್ಷಕರ ನೇಮಕ, ಕನ್ನಡದ ಅರ್ಜಿನಮೂನೆ ಚಿಕ್ಕ ಬೇಡಿಕೆಗಳಾಗಿ ಕಂಡವು. ಬರದ ಸೀಮೆಯಲ್ಲಿ ಇದು ಸಹಜವೂ ಹೌದು. ಇದನ್ನು ಒಬ್ಬ ವ್ಯಕ್ತಿಯ ಲೋಪವೆನ್ನಲಾಗದು. ಆದರೆ ಪರಿಣಾಮ ಮಾತ್ರ ಒಂದೇ: ಗಡಿಯ ಕನ್ನಡಿಗರು ತಮ್ಮ ನುಡಿಯ ರಕ್ಷಣೆಯನ್ನು ‘ನಮ್ಮವರು ಅಲ್ಲಿದ್ದಾರೆ’ ಎಂಬ ಭರವಸೆಗೆ ಒಪ್ಪಿಸಿ ಸುಮ್ಮನಾದರು.

ಆ ಭರವಸೆ ಎಷ್ಟು ತೆಳುವಾದದ್ದೆಂಬುದು 2019ರ ನವೆಂಬರಿನಲ್ಲಿ ತಿಳಿಯಿತು. ಸರ್ಕಾರಿ ಶಾಲೆಗಳ ಕೆಳತರಗತಿಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಆದೇಶವನ್ನು ಆಂಧ್ರ ಸರ್ಕಾರ ಹೊರಡಿಸಿತು. ಅದು ಜಾರಿಯಾಗಿದ್ದರೆ ತೆಲುಗು ಮಾಧ್ಯಮದೊಡನೆ ಗಡಿಯ ಕನ್ನಡ ಮಾಧ್ಯಮವೂ ಇಲ್ಲವಾಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಆ ಆದೇಶವನ್ನು ರದ್ದುಗೊಳಿಸಿದ್ದು ಉಚ್ಚ ನ್ಯಾಯಾಲಯ. ಅಂದು ಗಡಿಯ ಕನ್ನಡ ಶಾಲೆಗೆ ಆಸರೆಯಾದದ್ದು ಯಾವುದೇ ನಾಯಕನ ವರ್ಚಸ್ಸಲ್ಲ, ಮಾತೃಭಾಷಾ ಶಿಕ್ಷಣವನ್ನು ಕುರಿತು ಬರಹದಲ್ಲಿದ್ದ ಕಾನೂನು. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು 1956ರಿಂದಲೂ ರಾಜ್ಯಗಳಿಗೆ ಹೇಳುತ್ತಿದೆ. ಅದನ್ನು ನೆನಪಿಸುವ ಕೆಲಸಕ್ಕೆ ಚುನಾವಣೆ ಬೇಕಾಗಿಲ್ಲ; ಅರ್ಜಿ, ದಾಖಲೆ, ಮಕ್ಕಳ ಹಾಜರಿ ಬೇಕು.

2022ರ ಏಪ್ರಿಲ್‌ನಲ್ಲಿ ಗೆರೆ ಮತ್ತೊಮ್ಮೆ ಸರಿಯಿತು. ಮಡಕಶಿರ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ, ಕಣೇಕಲ್ಲು ಅನಂತಪುರದಲ್ಲಿ ಉಳಿದವು. ಒಂದೇ ಜಿಲ್ಲೆಯಲ್ಲಿದ್ದ ಕನ್ನಡ ಮಾತನಾಡುವ ಎರಡು ಸೀಮೆಗಳು ಇಂದು ಇಬ್ಬರು ಜಿಲ್ಲಾಧಿಕಾರಿಗಳಿಗೆ ಬೇರೆ ಬೇರೆಯಾಗಿ ಅರ್ಜಿ ಬರೆಯಬೇಕು. ಗೆರೆಗಳು ಇನ್ನೂ ಸರಿಯಬಹುದು, ನಾಯಕರು ಏರಿ ಇಳಿಯಬಹುದು. ರಘುವೀರಾರೆಡ್ಡಿ ಅವರಷ್ಟು ಗಟ್ಟಿಯಾಗಿ ನೆಲಕಚ್ಚಿ ನಿಂತಿದ್ದವರನ್ನೇ ಒಂದು ವಿಂಗಡಣೆಯ ಆದೇಶ ಕದಲಿಸಿತೆಂದರೆ, ನುಡಿಯ ಹಕ್ಕನ್ನು ವ್ಯಕ್ತಿಯೊಬ್ಬರ ಹೆಸರಿನಲ್ಲಿ ಠೇವಣಿ ಇಡುವುದು ವಿವೇಕವಲ್ಲ. ಅದನ್ನು ಶಾಲೆಯ ದಾಖಲಾತಿ ಪುಸ್ತಕದಲ್ಲಿ ವರ್ಷವರ್ಷವೂ ಬರೆಸುತ್ತಿರಬೇಕು.